ಜಿಲ್ಲಾಧಿಕಾರಿಗಳೇ, ಮೈಕಿನಲ್ಲಿ ಕೊಟ್ಟ ಮಾತು ಏನಾಯಿತು?

ಮಾನ್ಯ ಜಿಲ್ಲಾಧಿಕಾರಿಗಳಿಗೆ,

ತಮಗೆ ಬರೆದ ಪತ್ರಗಳು ರಿಜಿಸ್ಟರ್ಡ್ ಅಂಚೆಯಲ್ಲಿ ತಲುಪಿವೆ ಎಂಬುದಕ್ಕೆ ನನ್ನ ಬಳಿ ಸ್ವೀಕೃತಿ ಚೀಟಿಗಳಿವೆ. ಉತ್ತರ ಮಾತ್ರ ಬಂದಿಲ್ಲ. ಕಚೇರಿಗೆ ಫೋನ್ ಮಾಡಿದಾಗಲೆಲ್ಲ ಸಾಹೇಬರು ಸಭೆಯಲ್ಲಿದ್ದಾರೆ ಎಂದರು. ಆಹಾರ ಶಾಖೆಯವರು ತಹಶೀಲ್ದಾರರ ಕಡೆ ಕೈ ತೋರಿಸಿದರು, ಅಲ್ಲಿಯವರು ಮತ್ತೆ ಆಹಾರ ಶಾಖೆಯ ಕಡೆ ತೋರಿಸಿದರು. ಬೇರೆ ದಾರಿ ಕಾಣದೆ ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಸರ್ಕಾರದ ಮೇಲೆ ದೂರು ಬರೆಯುವುದು ನನಗೆ ಸಂತೋಷದ ಕೆಲಸವಲ್ಲ.

ವಿಷಯ ತಮಗೆ ಗೊತ್ತಿರುವಂಥದ್ದೇ. ನನ್ನ ತಮ್ಮನ ಹೆಂಡತಿ ನಮ್ಮೂರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ತಮ್ಮ ತೀರಿಕೊಂಡಿದ್ದಾನೆ. ಮಗ ಸಾಲ ಮಾಡಿ ಒಂದು ಸರಕು ಸಾಗಿಸುವ ಆಟೊ ಕೊಂಡ. ಸಾಲಕ್ಕೆ ಬ್ಯಾಂಕಿನವರು ಆದಾಯ ತೆರಿಗೆಯ ರಿಟರ್ನ್ಸ್ ಕೇಳಿದರು. ಆಡಿಟರ್ ಹತ್ತಿರ ಹೋಗಿ ಹಾಕಿಸಿದ. ಕಟ್ಟಿದ ತೆರಿಗೆ ಸೊನ್ನೆ. ಕೆಲವು ತಿಂಗಳು ಕಳೆದ ಮೇಲೆ ಅವರ ಬಿಪಿಎಲ್ ಕಾರ್ಡು ಎಪಿಎಲ್ ಆಯಿತು. ನೋಟಿಸು ಬರಲಿಲ್ಲ, ಪಂಚಾಯಿತಿಯಲ್ಲಿ ಪಟ್ಟಿ ಹಾಕಲಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದಾಗ ಅಂಗಡಿಯವರು ಮೆಷಿನ್ ನೋಡಿ, "ಅಕ್ಕಾ, ನಿಮ್ಮ ಹೆಸರಿಗೆ ಅಕ್ಕಿ ಬಂದಿಲ್ಲ" ಎಂದಾಗಲೇ ಅವಳಿಗೆ ತಿಳಿದದ್ದು.

ಅಕ್ಕಿಯನ್ನು ಹೇಗೋ ಹೊಂದಿಸಿಕೊಂಡರು. ಆದರೆ ಅವಳ ಹೃದಯದ ಕವಾಟ ಬದಲಿಸಬೇಕೆಂದು ಬೆಂಗಳೂರಿನ ವೈದ್ಯರು ಹೇಳಿದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಆದರೆ ಸರ್ಕಾರ ಭರಿಸುವುದು ಪ್ಯಾಕೇಜ್ ದರದ ಶೇ. 30 ಮಾತ್ರ. ಉಳಿದ ಶೇ. 70 ಎಲ್ಲಿಂದ ತರಬೇಕು?

ಇದನ್ನೇ ಬರೆದುಕೊಂಡು ಅವಳು ತಮ್ಮ ಜನಸ್ಪಂದನ ಸಭೆಗೆ ಬಂದಳು. ಜೊತೆಯಲ್ಲಿ ನಾನಿದ್ದೆ. ತಾವು ಅರ್ಜಿಯನ್ನು ಪೂರ್ತಿ ಓದಿದಿರಿ. ಅದಕ್ಕೆ ನಾನು ಇಂದಿಗೂ ಕೃತಜ್ಞಳು, ಏಕೆಂದರೆ ಅದಕ್ಕೂ ಮೊದಲು ಯಾರೂ ಪೂರ್ತಿ ಓದಿರಲಿಲ್ಲ. ಆಹಾರ ಶಿರಸ್ತೇದಾರರನ್ನು ಎದುರಿಗೆ ಕರೆದು ಗದರಿದಿರಿ. ಆಮೇಲೆ ಮೈಕ್ ಹಿಡಿದು, "ಹದಿನೈದು ದಿನದಲ್ಲಿ ನಿಮ್ಮ ಕಾರ್ಡು ಮೊದಲಿನ ಹಾಗೆ ಆಗುತ್ತದೆ ಅಮ್ಮಾ, ಇದಕ್ಕಾಗಿ ನೀವು ಇನ್ನೊಮ್ಮೆ ಕಚೇರಿ ಮೆಟ್ಟಿಲು ಹತ್ತಬೇಕಾಗಿಲ್ಲ" ಎಂದಿರಿ. ಸಭೆ ಚಪ್ಪಾಳೆ ತಟ್ಟಿತು. ಅವಳು ಅಲ್ಲೇ ಕಣ್ಣೊರೆಸಿಕೊಂಡಳು.

ಹದಿನೈದು ದಿನ ಮುಗಿಯುವ ಮೊದಲೇ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಅರ್ಜಿ ಇತ್ಯರ್ಥವಾಗಿದೆ. ಅದನ್ನು ನಂಬಿ ಅವಳು ಆಸ್ಪತ್ರೆಯಲ್ಲಿ ತಾರೀಕು ತೆಗೆದುಕೊಂಡಳು, ಬಟ್ಟೆಬರೆ ಕಟ್ಟಿಕೊಂಡು ಮಗನೊಂದಿಗೆ ರಾತ್ರಿ ಬಸ್ಸು ಹತ್ತಿದಳು. ಬೆಳಿಗ್ಗೆ ಕೌಂಟರಿನಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, ಕಾರ್ಡು ಇನ್ನೂ ಎಪಿಎಲ್ ಎಂದೇ ಇದೆ, ಮುಂಗಡ ಕಟ್ಟಿ ಎಂದಳು. ಇವಳು ಮೊಬೈಲಿನಲ್ಲಿದ್ದ ಸಂದೇಶ ತೋರಿಸಿದಳು. ಹಿಂದೆ ಸಾಲು ಬೆಳೆದಿತ್ತು. ಪಕ್ಕಕ್ಕೆ ನಿಲ್ಲಿ ಎಂದರು. ಮಧ್ಯಾಹ್ನದವರೆಗೆ ಆಸ್ಪತ್ರೆಯ ಗೋಡೆಗೆ ಒರಗಿ ನಿಂತು, ಏದುಸಿರು ಬಿಡುತ್ತಾ, ಊರಿಗೆ ವಾಪಸಾದಳು. ಆ ತಾರೀಕು ಬೇರೆ ಯಾರಿಗೋ ಹೋಯಿತು.

ಕಾರ್ಡು ಸರಿಯಾಗುವುದು ತಡವಾಗುತ್ತದೆ ಎಂದು ಹೇಳಿದ್ದರೆ ಕಾಯುತ್ತಿದ್ದೆವು. ಆಗುವುದೇ ಇಲ್ಲ ಎಂದಿದ್ದರೆ ಮೇಲ್ಮನವಿ ಹಾಕುತ್ತಿದ್ದೆವು. ಆಗದ ಕೆಲಸವನ್ನು ಆಗಿದೆ ಎಂದು ಬರೆದು ಕಡತ ಮುಚ್ಚಿದ್ದು ಯಾವ ನ್ಯಾಯ? ನಿಮ್ಮ ಸಭೆಯಲ್ಲಿ ಇಷ್ಟು ಅರ್ಜಿ ಬಂದವು, ಇಷ್ಟು ವಿಲೇವಾರಿಯಾದವು ಎಂದು ಲೆಕ್ಕ ಕೊಡುತ್ತೀರಲ್ಲ, ಆ ಲೆಕ್ಕದಲ್ಲಿ ಇವಳೂ ಸೇರಿದ್ದಾಳೆ.

ನಿಮ್ಮ ಶಿರಸ್ತೇದಾರರ ವಾದ ನನಗೆ ಗೊತ್ತಿದೆ. ಕುಟುಂಬದ ಆದಾಯ ವರ್ಷಕ್ಕೆ 1.2 ಲಕ್ಷ ದಾಟಿದರೆ ಬಿಪಿಎಲ್ ಇಲ್ಲ. ಹುಡುಗನ ರಿಟರ್ನ್ಸ್‌ನಲ್ಲಿ ತಿಂಗಳಿಗೆ ಇಪ್ಪತ್ತು ಸಾವಿರದ ಆಸುಪಾಸು ತೋರಿಸಿದೆ, ನಿಜ. ಆದರೆ 2024ರ ನವೆಂಬರ್‌ನಲ್ಲಿ ರಾಜ್ಯದ ತುಂಬ ಹೀಗೇ ಕಾರ್ಡುಗಳು ಹೋಗಿ ಜನ ಬೀದಿಗೆ ಬಂದಾಗ ಸರ್ಕಾರ ಏನು ಹೇಳಿತ್ತು? ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ತೆಗೆಯಬಾರದು ಎಂದು ಮುಖ್ಯಮಂತ್ರಿಗಳೇ ಹೇಳಿದ್ದರು. ಈ ಹುಡುಗ ಒಂದು ರೂಪಾಯಿ ತೆರಿಗೆ ಕಟ್ಟಿಲ್ಲ. ರಿಟರ್ನ್ಸ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಇದು ನಿಮ್ಮ ಕಚೇರಿಯ ಕಿರಿಯ ಗುಮಾಸ್ತರಿಗೂ ಗೊತ್ತು.

ಇನ್ನು ಆ 1.2 ಲಕ್ಷದ ಮಾತು. ತಿಂಗಳಿಗೆ ಹತ್ತು ಸಾವಿರ, ಇಡೀ ಕುಟುಂಬಕ್ಕೆ. ಕೇಂದ್ರ ಸರ್ಕಾರದ್ದೇ 2023-24ರ ಕುಟುಂಬ ವೆಚ್ಚ ಸಮೀಕ್ಷೆ ತೆಗೆದು ನೋಡಿ. ದೇಶದ ಹಳ್ಳಿಗಳಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ. ನಾಲ್ಕು ಜನರಿಗೆ ವರ್ಷಕ್ಕೆ ಹೆಚ್ಚುಕಡಿಮೆ 2 ಲಕ್ಷವಾಯಿತು. ಹಳ್ಳಿಯ ಸಾಧಾರಣ ಸಂಸಾರ ಉಂಡು ಉಟ್ಟು ಖರ್ಚು ಮಾಡುವಷ್ಟು ದುಡಿದರೂ ನಿಮ್ಮ ಕಡತದಲ್ಲಿ ಅದು ಬಡ ಸಂಸಾರವಲ್ಲ. ಇತ್ತ 2025ರ ಬಜೆಟ್‌ನಲ್ಲಿ ವರ್ಷಕ್ಕೆ 12 ಲಕ್ಷ ಆದಾಯದವರೆಗೆ ತೆರಿಗೆ ಬೇಡ ಎಂದರು. ಆ ರಿಯಾಯಿತಿಗೆ ನನ್ನ ತಕರಾರಿಲ್ಲ, ನನ್ನ ಪಿಂಚಣಿಗೂ ಅದರಿಂದ ಅನುಕೂಲವಾಗಿದೆ. ಆದರೆ 12 ಲಕ್ಷದವರ ಕಷ್ಟ ಕಂಡ ಕಣ್ಣಿಗೆ 1.2 ಲಕ್ಷದವರ ಕಷ್ಟ ಏಕೆ ಕಾಣುವುದಿಲ್ಲ?

ವೃದ್ಧಾಪ್ಯ ವೇತನದ ಕಥೆಯೂ ಹೀಗೇ. ಅದಕ್ಕೆ ಆದಾಯ ಮಿತಿ ವರ್ಷಕ್ಕೆ 32,000 ರೂಪಾಯಿ. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370. ಅರವತ್ತು ದಾಟಿದ ಅಜ್ಜ ನೂರು ದಿನ ಕೆರೆ ಹೂಳು ಹೊತ್ತರೆ ಕೈಗೆ 37,000 ಬರಬೇಕು. ಅಂದರೆ ಸರ್ಕಾರವೇ ಕೊಡುವ ಕೂಲಿ ಪೂರ್ತಿ ದುಡಿದವನು ಸರ್ಕಾರದ ಲೆಕ್ಕದಲ್ಲಿ ವೇತನಕ್ಕೆ ಅನರ್ಹ. ಆ ವೇತನಕ್ಕೆ ಎಂಬತ್ತು ದಾಟದ ವೃದ್ಧರ ಪಾಲಿಗೆ ಕೇಂದ್ರ ಕೊಡುವುದು 2007ರಿಂದಲೂ ತಿಂಗಳಿಗೆ 200 ರೂಪಾಯಿ. ಅಂದಿನಿಂದ ಎಷ್ಟು ಸರ್ಕಾರ ಬಂದುಹೋದವು, ಆ 200 ಅಲ್ಲೇ ಇದೆ.

ನನ್ನ ತಮ್ಮನ ಹೆಂಡತಿಯ ಮನೆ ಪರಿಶೀಲನೆಗೆ ಬಂದಿದ್ದ ಆಹಾರ ನಿರೀಕ್ಷಕರು ಅಡುಗೆಮನೆಯ ಫ್ರಿಜ್ಜಿನ ಫೋಟೊ ತೆಗೆದುಕೊಂಡು ಹೋದರು. ಯಾರೋ ಬಳಸಿ ಬಿಟ್ಟಿದ್ದ ಹಳೆಯ ಫ್ರಿಜ್ಜು, ಬಾಗಿಲಿಗೆ ರಬ್ಬರ್ ಬ್ಯಾಂಡ್ ಸುತ್ತಿದೆ. ಬಿಪಿಎಲ್ ಮಾನದಂಡದಲ್ಲಿ ಫ್ರಿಜ್ಜಿನ ಮಾತೇ ಇಲ್ಲ. ಹಿಂದೆ ಊರಿನಲ್ಲಿ ಸೈಕಲ್ ಇಟ್ಟವನು ಅನುಕೂಲಸ್ಥ ಎನಿಸಿಕೊಳ್ಳುತ್ತಿದ್ದ. ಈಗ ಸಂಜೆ ಮೇಲೆ ಬಸ್ಸಿಲ್ಲದ ಊರಿನಲ್ಲಿ ಬೈಕಿಲ್ಲದಿದ್ದರೆ ಕೂಲಿಗೂ ಹೋಗುವಂತಿಲ್ಲ. ಮೊಬೈಲಿಲ್ಲದಿದ್ದರೆ ಓಟಿಪಿ ಇಲ್ಲ, ಓಟಿಪಿ ಇಲ್ಲದಿದ್ದರೆ ನಿಮ್ಮ ಯಾವ ಯೋಜನೆಯೂ ಇಲ್ಲ. ಬದುಕಲು ಇವೆಲ್ಲ ಬೇಕೇ ಬೇಕು ಎಂದು ಮಾಡಿದವರು ನೀವು. ಕೊಂಡ ತಕ್ಷಣ ಸ್ಥಿತಿವಂತರು ಎನ್ನುವವರೂ ನೀವೇ.

2013ರ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಸಂಖ್ಯೆ ಇಂದಿಗೂ 2011ರ ಜನಗಣತಿಯ ಮೇಲೆ ನಿಂತಿದೆ. 2021ರ ಗಣತಿ ನಡೆಯಲೇ ಇಲ್ಲ, ಈಗ 2027 ಎನ್ನುತ್ತಿದ್ದಾರೆ. ಒಬ್ಬರನ್ನು ಸೇರಿಸಲು ಇನ್ನೊಬ್ಬರನ್ನು ತೆಗೆಯಬೇಕಾಗಿ ಬಂದದ್ದು ಇದರಿಂದ. ಇದು ನಿಮ್ಮ ಕೈಯಲ್ಲಿಲ್ಲ ಎಂದು ಬಲ್ಲೆ. ಆದರೆ ಹೆಸರು ತೆಗೆಯುವ ಮುನ್ನ ಮನೆಗೆ ನೋಟಿಸು ಕೊಡುವುದು, ಪಟ್ಟಿಯನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿ ಆಕ್ಷೇಪಣೆ ಕರೆಯುವುದು ನಿಮ್ಮ ಕೈಯಲ್ಲಿದೆ. ತೆರಿಗೆ ಕಟ್ಟಿದವರನ್ನೂ ಬರೀ ರಿಟರ್ನ್ಸ್ ಹಾಕಿದವರನ್ನೂ ಬೇರೆಬೇರೆ ಮಾಡುವುದು ನಿಮ್ಮ ಕೈಯಲ್ಲಿದೆ. 1.2 ಲಕ್ಷದ ಮಿತಿ ಏರಿಸಿ ಎಂದು ಸರ್ಕಾರಕ್ಕೆ ಬರೆಯುವುದೂ ನಿಮ್ಮ ಕೈಯಲ್ಲಿದೆ. ಬರೆದಿದ್ದೀರಾ?

ಅದೆಲ್ಲಕ್ಕೂ ಮೊದಲು ಇತ್ಯರ್ಥವಾಗಿದೆ ಎಂದು ಬರೆದು ಮುಚ್ಚಿದ ಆ ಕಡತವನ್ನು ತರಿಸಿಕೊಂಡು ನೀವೇ ನೋಡಿ. ಯಾರು, ಯಾವ ಆಧಾರದ ಮೇಲೆ ಹಾಗೆ ಬರೆದರು ಎಂಬುದನ್ನು ಹಿಂಬರಹದಲ್ಲಿ ಲಿಖಿತವಾಗಿ ತಿಳಿಸಿ. ಕವಾಟ ಇನ್ನು ಹೆಚ್ಚು ದಿನ ಕಾಯುವುದಿಲ್ಲ ಎಂದು ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಅದರ ಪ್ರತಿ ನಿಮ್ಮ ಕಚೇರಿಯಲ್ಲೇ ಇದೆ. ಕಾರ್ಡನ್ನು ಈ ವಾರವೇ ಸರಿಪಡಿಸಿಕೊಡಿ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ನಿವೃತ್ತ ಶಿಕ್ಷಕಿ