ಕೆಸರಿನ ದಾರಿಗೆ ಯಾವ ಟೈರು?

ಮೈಸೂರಿನ ಲಕ್ಷ್ಮೀಪುರಂನಂಥ ಹಳೆಯ ಬಡಾವಣೆಗಳಲ್ಲಿ ಎರಡು ಸಂಸಾರವನ್ನು ಒಟ್ಟಿಗೆ ತೂಗಿಸುವ ಮನೆಗಳುಂಟು. ವಾಸ ಪಟ್ಟಣದಲ್ಲಿ, ಜಮೀನು ಹೆಗ್ಗಡದೇವನಕೋಟೆಯ ಕಡೆಯಲ್ಲೋ, ಹುಣಸೂರಿನಾಚೆಯೋ, ಕೊಡಗಿನಲ್ಲೋ. ಮಕ್ಕಳ ಓದು, ಹಿರಿಯರ ಔಷಧೋಪಚಾರ ಇಲ್ಲಿ. ತೆಂಗು, ಶುಂಠಿ, ಕಾಫಿ ಅಲ್ಲಿ. ಈ ಎರಡರ ನಡುವೆ ಓಡಾಡುವುದಕ್ಕೆ ಪಿಕಪ್ ಗಾಡಿ ಅನುಕೂಲ. ಅದರ ಟೈರು ಸವೆದು ಹೊಸದನ್ನು ಕೊಳ್ಳುವ ಕಾಲ ಬಂದಾಗ ಮನೆಯಲ್ಲಿ ವಾದ ಹುಟ್ಟುವುದು ಸಹಜ.

ಮಗನಿಗೆ ಅಗಲವಾದ ಟೈರು ಬೇಕು. ಗಾಡಿ ಎದೆಯುಬ್ಬಿಸಿ ನಿಂತಂತೆ ಕಾಣುವುದಲ್ಲದೆ, ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲವೆಂಬುದು ಅವನ ನಂಬಿಕೆ. ತಂದೆಗೆ ಗಾಡಿಯೊಡನೆ ಬಂದ ಕಿರಿದಾದ ಅಳತೆಯೇ ಸಾಕು, ಹಣವೂ ಉಳಿಯುತ್ತದೆ. ತಾಯಿ ಕೇಳುವುದು ಒಂದೇ ಮಾತು: “ಮಳೆ ರಾತ್ರೀಲಿ ತೋಟದ ದಾರೀಲಿ ಸಿಕ್ಕಿಕೊಂಡ್ರೆ ಏನ್ರೀ ಗತಿ?” ಮೂವರಲ್ಲಿ ವಿಷಯದ ಬೇರನ್ನು ಮುಟ್ಟಿದವರು ತಾಯಿಯೇ. ಟೈರನ್ನು ಆರಿಸುವ ಮುನ್ನ ದಾರಿಯನ್ನು ನೋಡಬೇಕು.

ಕೆಸರೆಲ್ಲ ಒಂದೇ ಜಾತಿಯದಲ್ಲ. ಮೈಸೂರು ಸೀಮೆಯ ಕೆಮ್ಮಣ್ಣಿನ ದಾರಿಯಲ್ಲಿ ಮಳೆ ಬಿದ್ದಾಗ ಮೇಲಿನ ಪದರ ಮಾತ್ರ ರಾಡಿಯಾಗುವುದೇ ಹೆಚ್ಚು. ಕೆಳಗೆ ಗರಸು ಮಣ್ಣಿನ ಗಟ್ಟಿ ನೆಲ ಇದ್ದೇ ಇರುತ್ತದೆ. ಇಂಥಲ್ಲಿ ಕಿರಿದಾದ ಟೈರು ರಾಡಿಯನ್ನು ಸೀಳಿಕೊಂಡು ಇಳಿದು, ಗಟ್ಟಿ ನೆಲಕ್ಕೆ ಕಾಲೂರಿ ಮುಂದೆ ಸಾಗುತ್ತದೆ. ಅಗಲ ಟೈರು ರಾಡಿಯ ಮೇಲೆಯೇ ತೇಲಿ ಪಕ್ಕಕ್ಕೆ ಜಾರುತ್ತದೆ. ಎರಡನೆಯ ಮಹಾಯುದ್ಧದ ಜೀಪಿನ ಟೈರಿನ ಅಳತೆ 6.00-16, ಎಂದರೆ ಅಗಲ ಸುಮಾರು ಆರೇ ಅಂಗುಲ. ಯುದ್ಧ ಮುಗಿದ ಮೇಲೆ ಅಂಥ ಜೀಪುಗಳೇ ಮಲೆನಾಡಿನ ಮತ್ತು ಕೊಡಗಿನ ತೋಟದ ದಾರಿಗಳಲ್ಲಿ ದಶಕಗಳ ಕಾಲ ದುಡಿದವು.

ಎರೆಮಣ್ಣಿನ ಮಾತೇ ಬೇರೆ. ನೀರು ಕುಡಿದು ಉಬ್ಬಿದ ಎರೆಗೆ ತಳವೆಂಬುದು ಸುಲಭವಾಗಿ ಸಿಗದು. ಒಣ ಮರಳೂ ಹಾಗೆಯೇ. ಅಲ್ಲಿ ಕಿರಿದಾದ ಚಕ್ರ ಇಳಿಯುತ್ತಲೇ ಹೋಗುತ್ತದೆ; ಭಾರವನ್ನು ಹರಡುವ ಅಗಲ ಟೈರಿಗೆ ಮೇಲುಗೈ. ಮರಳಿನಲ್ಲಿ ಒಂಟೆಯ ಹರಡಿದ ಪಾದವೂ ಬಂಡೆಯ ಮೇಲೆ ಆಡಿನ ಕಿರುಗೊರಸೂ ಕಲಿಸುವ ಪಾಠ ಇದೇ. ಆದರೆ ಅಂಟಿನ ಎರೆಮಣ್ಣು ಟೈರಿನ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡಿತೆಂದರೆ ಅಗಲ ಟೈರೂ ನುಣುಪಾದ ಉರುಳೆಯಾಗಿಬಿಡುತ್ತದೆ. ಒಂದು ದಿನ ಬಿಸಿಲು ಕಾಯುವ ತನಕ ತಾಳಿಕೊಳ್ಳುವುದೇ ಅಲ್ಲಿ ಜಾಣತನ.

ದಾರಿಯ ಗುಣವನ್ನು ತಿಳಿಯಲು ದೊಡ್ಡ ವಿದ್ಯೆ ಬೇಡ. ಗಾಡಿಯಿಂದಿಳಿದು ಕೋಲಿನಿಂದ ಕೆಸರನ್ನು ಚುಚ್ಚಿ ನೋಡಿದರಾಯಿತು. ನಾಲ್ಕೈದು ಅಂಗುಲದೊಳಗೆ ಗಟ್ಟಿ ನೆಲ ತಗುಲಿದರೆ ಕಿರಿದಾದ ಟೈರು ದಾಟಿಸುತ್ತದೆ. ಕೋಲು ಒಂದು ಗೇಣಿಗೂ ಮೀರಿ ಇಳಿದರೆ ಗಾಡಿಯ ಅಚ್ಚೇ ಕೆಸರಿನ ಮೇಲೆ ಕೂರುವ ಭಯವುಂಟು. ಯಾವ ಟೈರಿದ್ದರೂ ಹಿಂದಿರುಗುವುದೇ ಲೇಸು.

ಅಗಲಕ್ಕಿಂತಲೂ ಹೆಚ್ಚಿನ ಕೆಲಸ ಮಾಡುವುದು ಟೈರಿನೊಳಗಿನ ಗಾಳಿ. ಒಂದು ಚಕ್ರದ ಮೇಲೆ 500 ಕಿಲೋ ಭಾರವಿದೆ ಎನ್ನಿ. ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2.5 ಕಿಲೋ, ಎಂದರೆ ಪಂಪಿನವರ ಲೆಕ್ಕದಲ್ಲಿ ಸುಮಾರು 35 ಪೌಂಡು, ಇದ್ದರೆ ನೆಲಕ್ಕೆ ತಾಗುವ ಭಾಗ ಸುಮಾರು 200 ಚದರ ಸೆಂಟಿಮೀಟರು. ಒತ್ತಡವನ್ನು ಅರ್ಧಕ್ಕಿಳಿಸಿದರೆ ಆ ಭಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅಗಲದ ಲಾಭ ಕಾಸಿನ ಖರ್ಚಿಲ್ಲದೆ ದೊರೆಯಿತು! ಬ್ರಿಟಿಷ್ ಸೇನಾಧಿಕಾರಿ ಬ್ಯಾಗ್ನಾಲ್ಡ್ 1930ರ ಆಸುಪಾಸಿನಲ್ಲಿ ಲಿಬಿಯಾದ ಮರಳುಗಾಡನ್ನು ಸಾಮಾನ್ಯ ಫೋರ್ಡ್ ಕಾರುಗಳಲ್ಲಿ ದಾಟಿದಾಗ ನೆರವಾದ ಉಪಾಯಗಳಲ್ಲಿ ಇದೂ ಒಂದು. ಆದರೆ ಹೇರು ತುಂಬಿದ ಗಾಡಿಯಲ್ಲಿ ಹೀಗೆ ಮಾಡಬಾರದು. ಖಾಲಿ ಗಾಡಿಯಲ್ಲಿಯೂ ಮೆಲ್ಲನೆ ಸಾಗಿ, ಡಾಂಬರು ರಸ್ತೆ ಸೇರುವ ಮುನ್ನ ಗಾಳಿ ತುಂಬಿಕೊಳ್ಳಬೇಕು. ಇಲ್ಲವಾದರೆ ಟೈರು ಕಾದು ಸಿಡಿದೀತು.

ಇನ್ನು ಡಾಂಬರಿನ ಲೆಕ್ಕ. ಲಕ್ಷ್ಮೀಪುರಂನಿಂದ ಹೆಗ್ಗಡದೇವನಕೋಟೆಗೆ ಸುಮಾರು 50 ಕಿಲೋಮೀಟರು. ಅದರಾಚೆ ಕೆಸರಿನ ದಾರಿ ಒಂದೆರಡು ಕಿಲೋಮೀಟರು ಇದ್ದರೆ ಹೆಚ್ಚು. ಒಣ ಡಾಂಬರಿನ ಮೇಲೆ ಅಗಲ ಟೈರಿನ ಹಿಡಿತ ಒಳ್ಳೆಯದೇ. ಮಳೆ ನಿಂತ ರಸ್ತೆಯಲ್ಲಾದರೋ ಅದು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ವೇಗ ಮೀರಿದರೆ ನೀರಿನ ಮೇಲೆ ತೇಲಿ ಬ್ರೇಕಿನ ಮಾತು ಕೇಳದು. ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನ ಟೈರು ಒದ್ದೆ ಡಾಂಬರಿನಲ್ಲಿ ತಡವಾಗಿ ನಿಲ್ಲುತ್ತದೆ. ಚುಕ್ಕಾಣಿಯೂ ಭಾರ, ಡೀಸೆಲಿನ ಖರ್ಚೂ ಹೆಚ್ಚು.

ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿಗಳನ್ನು ಓದಲು ಕಲಿತರೆ ಅಂಗಡಿಯಲ್ಲಿ ಮೋಸಹೋಗುವ ಭಯವಿಲ್ಲ. 215/75 ಆರ್ 15 ಎಂದರೆ ಅಗಲ 215 ಮಿಲಿಮೀಟರು, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 75 ಪಾಲು, ಒಳಗಿನ ರಿಮ್ಮಿನ ವ್ಯಾಸ 15 ಅಂಗುಲ. ಇದರ ಬದಲು 235/75 ಹಾಕಿಸಿದರೆ ಚಕ್ರ ಸುಮಾರು 30 ಮಿಲಿಮೀಟರು ದೊಡ್ಡದಾಗುತ್ತದೆ. ವೇಗದ ಮುಳ್ಳು 60 ತೋರಿಸುವಾಗ ಗಾಡಿ 62ಕ್ಕೂ ಮೀರಿ ಓಡುತ್ತಿರುತ್ತದೆ. ಚಕ್ರ ತಿರುಗುವಾಗ ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ತಯಾರಕರು ಒಪ್ಪಿದ ಅಳತೆಗಳನ್ನು ಮೀರದಿರುವುದು ಕ್ಷೇಮ.

ಟೈರು ಮೈಸೂರಿನವರಿಗೆ ಅಪರಿಚಿತ ವಸ್ತುವೇನೂ ಅಲ್ಲ. 1997ರಲ್ಲಿ ಜೆ.ಕೆ. ಟೈರ್ ಸಂಸ್ಥೆಯ ಕೈಸೇರಿದ ವಿಕ್ರಾಂತ್ ಕಾರ್ಖಾನೆ ಈ ಊರಿನದೇ. ಆದರೂ ಕೊಳ್ಳುವಾಗ ಕಣ್ಣು ಅಂದವನ್ನೇ ಅರಸುತ್ತದೆ. ಕೆಮ್ಮಣ್ಣಿನ ತೋಟಕ್ಕೂ ಪಟ್ಟಣಕ್ಕೂ ಓಡಾಡುವ ಸಂಸಾರಕ್ಕೆ ಗಾಡಿಯ ಮೂಲ ಅಳತೆಯ, ಎರಡೂ ಬಗೆಯ ದಾರಿಗೆ ಹೊಂದುವ ಮಧ್ಯಮ ಹಲ್ಲಿನ ಟೈರೇ ತಕ್ಕುದು. ಅಗಲಕ್ಕೆಂದು ತೆರಬೇಕಾಗಿದ್ದ ಹಣದಲ್ಲಿ ಗಾಳಿ ಅಳೆಯುವ ಮೀಟರು, ಒಂದು ಪಂಪು, ಗಟ್ಟಿ ಹಗ್ಗ, ಸನಿಕೆ ಮತ್ತು ಎರಡು ಹಲಗೆ ಕೊಂಡು ಗಾಡಿಯಲ್ಲಿಟ್ಟರೆ, ಮಳೆ ರಾತ್ರಿಯಲ್ಲಿ ಕೈಹಿಡಿಯುವುದು ಅವೇ.