ಕಿಟಕಿಯ ಅಂಚು ಯಾರ ಕೈಯಲ್ಲಿರಬೇಕು?

ಪ್ರತಿ ಭಾನುವಾರ ಇಂಗ್ಲೆಂಡಿನಿಂದ ತುಮಕೂರಿಗೆ ಕರೆ ಮಾಡುವುದು ನನ್ನ ಎರಡು ದಶಕಗಳ ವಾಡಿಕೆ. ನಿವೃತ್ತ ಶಾಲಾ ಶಿಕ್ಷಕರಾದ ನನ್ನ ತಂದೆಯವರಿಗೆ ಈಗ ಎಂಬತ್ತೆರಡು ವರ್ಷ. ಕಂಪ್ಯೂಟರಿನ ಪರದೆಯ ಒಂದು ಪಕ್ಕದಲ್ಲಿ ಮಗನ ಮುಖ, ಇನ್ನೊಂದು ಪಕ್ಕದಲ್ಲಿ ಅಂದಿನ ಪತ್ರಿಕೆ ಇರಬೇಕೆಂಬುದು ಅವರ ಆಸೆ. ಕಳೆದ ವಾರ ಅರ್ಧ ಗಂಟೆಯ ಮಾತುಕತೆಯಲ್ಲಿ ಹತ್ತು ನಿಮಿಷ ಇದೊಂದೇ ಕೆಲಸಕ್ಕೆ ಕಳೆದುಹೋಯಿತು. "ಅಪ್ಪ, ಕಿಟಕಿಯ ಅಂಚಿನ ಮೇಲೆ ಬಾಣವನ್ನು ತನ್ನಿ, ಅದು ಎರಡು ತಲೆಯ ಬಾಣವಾದಾಗ ಒತ್ತಿ ಹಿಡಿದು ಎಳೆಯಿರಿ" ಎಂದೆ. "ಅಂಚು ಎಲ್ಲಿದೆಯೋ ಕಾಣೋದೇ ಇಲ್ಲ ಕಣಪ್ಪ. ಸಿಕ್ತು ಅನ್ನೋವಷ್ಟರಲ್ಲಿ ಕೈ ಜಾರುತ್ತೆ" ಎಂದರು. ಅವರ ಬೆರಳುಗಳಲ್ಲಿ ಸಣ್ಣ ನಡುಕವಿದೆ. ಕೊನೆಗೆ ಪತ್ರಿಕೆಯನ್ನು ಮುಚ್ಚಿಬಿಟ್ಟರು.

ಇದನ್ನು ವೃದ್ಧಾಪ್ಯದ ದೋಷವೆಂದು ತಳ್ಳಿಹಾಕಲು ವೈದ್ಯನಾದ ನನಗೆ ಮನಸ್ಸು ಒಪ್ಪುವುದಿಲ್ಲ. ಗುರಿ ಕಿರಿದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲಿಯೇ ಸೂತ್ರರೂಪದಲ್ಲಿ ತೋರಿಸಿದ್ದರು. 1984ರ ಮ್ಯಾಕಿಂಟಾಷ್‌ನಲ್ಲಿ ಕಿಟಕಿಯನ್ನು ಹಿಗ್ಗಿಸಲು ಬಲಗಡೆಯ ಕೆಳಮೂಲೆಯೊಂದೇ ದಾರಿಯಾಗಿತ್ತು. ಆದರೆ ಅಲ್ಲಿ ಹಿಡಿಯಲೊಂದು ಗುರುತು ಕಣ್ಣಿಗೆ ಕಾಣುತ್ತಿತ್ತು. 2011ರಲ್ಲಿ ಅದೇ ಕಂಪನಿಯು ಎಲ್ಲ ಅಂಚುಗಳಿಂದಲೂ ಎಳೆಯುವ ಸೌಲಭ್ಯವನ್ನು ಕೊಟ್ಟಿತು, ಜೊತೆಗೆ ಆ ಗುರುತನ್ನು ಅಳಿಸಿತು. ವಿಂಡೋಸ್‌ನಲ್ಲಿಯೂ ಒಂದು ಕಾಲದ ದಪ್ಪ ಚೌಕಟ್ಟು ಇಂದು ಕೂದಲೆಳೆಯಂತಹ ಗೆರೆಯಾಗಿದೆ. ಅಂದವನ್ನು ಹೆಚ್ಚಿಸಲು ಹೊರಟವರು ಹಿಡಿಕೆಯನ್ನೇ ತೆಗೆದುಹಾಕಿದರು.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲವೆಂಬುದು ನನಗೆ ವಾರ್ಡಿನಲ್ಲಿ ಅರಿವಾಯಿತು. ಹಲವು ವರ್ಷಗಳ ಹಿಂದೆ ನಾನಿದ್ದ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆಯ ಫಲಿತಾಂಶಗಳು ಬ್ರೌಸರಿನ ಪುಟದೊಳಗಿನ ಒಂದು ಪೆಟ್ಟಿಗೆಯಲ್ಲಿ ತೆರೆದುಕೊಳ್ಳುತ್ತಿದ್ದವು. ಹೊರಗಿನ ಕಿಟಕಿಯನ್ನು ಎಷ್ಟು ಹಿಗ್ಗಿಸಿದರೂ ಆ ಪೆಟ್ಟಿಗೆ ಹಿಗ್ಗುತ್ತಿರಲಿಲ್ಲ. ಹಳೆಯ ಫಲಿತಾಂಶ ಎಡಕ್ಕೆ, ಹೊಸದು ಬಲಕ್ಕೆ. ಬಲಗಡೆ ಇನ್ನೂ ಏನೋ ಇದೆಯೆಂದು ಸೂಚಿಸುವ ಪಟ್ಟಿಯು ಮೌಸ್ ಸೋಕಿದಾಗ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ವಾರ್ಫರಿನ್ ಸೇವಿಸುತ್ತಿದ್ದ ವೃದ್ಧೆಯೊಬ್ಬರ ಐಎನ್‌ಆರ್ 2.6 ಎಂದು ಓದಿಕೊಂಡು ಎಂದಿನ ಪ್ರಮಾಣವನ್ನೇ ಬರೆಯಲು ಹೊರಟಿದ್ದೆ. ವಾರ್ಡಿನ ಔಷಧತಜ್ಞೆ ತಡೆದರು. ನಾನು ಓದಿದ್ದು ಹಿಂದಿನ ವಾರದ ಅಂಕಿ. ಆ ದಿನದ ಅಂಕಿ 5.4, ಪೆಟ್ಟಿಗೆಯ ಬಲ ಅಂಚಿನಾಚೆ ಅಡಗಿತ್ತು. ಆ ಪ್ರಮಾಣ ರೋಗಿಯ ದೇಹವನ್ನು ಸೇರಿದ್ದರೆ ರಕ್ತಸ್ರಾವದ ಅಪಾಯ ಇನ್ನಷ್ಟು ಹೆಚ್ಚುತ್ತಿತ್ತು. ದಿನಾಂಕವನ್ನು ನೋಡದಿದ್ದುದು ನನ್ನ ತಪ್ಪು, ಅದನ್ನು ಅಲ್ಲಗಳೆಯಲಾರೆ. ಆದರೆ ದಣಿದ ಮನುಷ್ಯ ತಪ್ಪುತ್ತಾನೆಂಬುದನ್ನು ತಿಳಿದೇ ಉಪಕರಣಗಳನ್ನು ರೂಪಿಸಬೇಕಲ್ಲವೇ?

ನಿಯಮಗಳಿಲ್ಲವೆಂದಲ್ಲ. ಬ್ರಿಟನ್ನಿನ ಸಾರ್ವಜನಿಕ ಸಂಸ್ಥೆಗಳ ಜಾಲತಾಣಗಳು ಎಲ್ಲರಿಗೂ ಬಳಸಲು ಯೋಗ್ಯವಾಗಿರಬೇಕೆಂಬ ನಿಬಂಧನೆ 2018ರಲ್ಲಿಯೇ ಬಂದಿದೆ. ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ಪುಟವು 320 ಪಿಕ್ಸೆಲ್ ಅಗಲಕ್ಕೆ ಕುಗ್ಗಿದರೂ ಸಾಲುಗಳು ಮಡಚಿಕೊಂಡು ಓದಲು ಸಿಗಬೇಕು. 2023ರ ಪರಿಷ್ಕರಣೆಯು, ಎಳೆದು ಮಾಡುವ ಕೆಲಸಕ್ಕೆ ಎಳೆಯದೆಯೂ ಮಾಡುವ ದಾರಿಯೊಂದಿರಬೇಕು, ಒತ್ತುವ ಗುರಿಗಳು ಸಾಮಾನ್ಯವಾಗಿ 24 ಪಿಕ್ಸೆಲ್‌ಗಿಂತ ಕಿರಿದಾಗಬಾರದು ಎಂದಿದೆ. ಆದರೆ ಈ ಮಾತು ಅನ್ವಯಿಸುವುದು ಪುಟದೊಳಗಿನ ವಸ್ತುಗಳಿಗೆ. ಬ್ರೌಸರಿನ ಸ್ವಂತ ಚೌಕಟ್ಟು ಇದರ ವ್ಯಾಪ್ತಿಗೆ ಬರುವುದಿಲ್ಲ. ಪುಟವು ಮಡಚಿಕೊಳ್ಳಬೇಕೆಂಬ ನಿಯಮದಿಂದ ಕೋಷ್ಟಕಗಳಿಗೂ ವಿನಾಯಿತಿಯಿದೆ. ವೈದ್ಯನ ದಿನ ಕಳೆಯುವುದೇ ಕೋಷ್ಟಕಗಳ ನಡುವೆ.

ಕನ್ನಡ ಓದುಗರಿಗೆ ಇನ್ನೂ ಒಂದು ಕಾರಣವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿಳಿಯುತ್ತವೆ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಎತ್ತರವನ್ನು ಕಟ್ಟಿಹಾಕಿದ ಪೆಟ್ಟಿಗೆಯಲ್ಲಿ ಒತ್ತುಗಳ ಕಾಲು ಕತ್ತರಿಸಿಹೋಗುತ್ತದೆ. ಅಕ್ಷರವನ್ನು ಹಿಗ್ಗಿಸಿದರೆ ಪೆಟ್ಟಿಗೆಯೂ ಹಿಗ್ಗಬೇಕು. ಇಲ್ಲದಿದ್ದರೆ ಓದುಗನು ಊಹಿಸಿಕೊಂಡು ಓದಬೇಕಾಗುತ್ತದೆ.

ಎಲ್ಲ ಅಳತೆಗಳಲ್ಲಿಯೂ ಪುಟವನ್ನು ಪರೀಕ್ಷಿಸುವುದು ದುಬಾರಿ, ಬಳಕೆದಾರರು ಚೌಕಟ್ಟನ್ನು ಕೆಡಿಸಿಕೊಳ್ಳುತ್ತಾರೆ ಎಂಬುದು ತಂತ್ರಜ್ಞರ ವಾದ. ಪುಟವು ಪರದೆಗೆ ಹೊಂದಿಕೊಳ್ಳಬೇಕೆಂಬ ವಿಚಾರವನ್ನು ಈಥನ್ ಮಾರ್ಕಾಟ್ 2010ರಲ್ಲಿ ಮಂಡಿಸಿದ ಮೇಲೆ, ಫೋನಿಗಾಗಿ ಇಡೀ ಉದ್ಯಮವೇ ಆ ವೆಚ್ಚವನ್ನು ಭರಿಸಿದೆ. ಅಂಗೈಯ ಪರದೆಗೆ ಸಾಧ್ಯವಾದದ್ದು ಮೇಜಿನ ಪರದೆಗೆ ಏಕೆ ಸಾಧ್ಯವಾಗಬಾರದು?

ನನ್ನ ಕೋರಿಕೆ ದೊಡ್ಡದಲ್ಲ. ಹಿಡಿಯುವ ಅಂಚು ಕಣ್ಣಿಗೆ ಕಾಣಲಿ. ನಡುಗುವ ಕೈಗೂ ಸಿಗುವಷ್ಟು ಅಗಲವಾಗಿರಲಿ. ಒಳಗಿನ ಪೆಟ್ಟಿಗೆ ಹೊರಗಿನ ಕಿಟಕಿಯೊಡನೆ ಬೆಳೆಯಲಿ. ಅಂಚಿನಾಚೆ ಏನಾದರೂ ಉಳಿದಿದ್ದರೆ ಅದನ್ನು ಮರೆಮಾಚದೆ ಹೇಳಲಿ. ಎಷ್ಟು ದೊಡ್ಡದಾಗಿ ಓದಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಓದುವವನದು.

ತಂದೆಯವರಿಗೆ ಈ ಭಾನುವಾರ ಬೇರೊಂದು ದಾರಿಯನ್ನು ಹೇಳಿಕೊಟ್ಟೆ: ವಿಂಡೋಸ್ ಗುರುತಿನ ಕೀಲಿಯನ್ನು ಒತ್ತಿ ಹಿಡಿದು ಎಡಬಾಣವನ್ನು ಒತ್ತಿದರೆ ಕಿಟಕಿ ಪರದೆಯ ಅರ್ಧಕ್ಕೆ ಹೋಗಿ ನಿಲ್ಲುತ್ತದೆ. ಒಮ್ಮೆಗೇ ಸಾಧ್ಯವಾಯಿತು. "ಇಷ್ಟು ಸುಲಭದ್ದನ್ನ ಯಾಕೋ ಬಚ್ಚಿಟ್ಟಿದ್ದಾರೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.