ಫಲಕದ ಮೇಲಿನ ಗೌರವ ಯಾರಿಗೆ ಸಲ್ಲಬೇಕು?

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, ಅಲ್ಲಿನ ಕಾರುಗಳ ವಿಶೇಷ ನೋಂದಣಿ ಫಲಕಗಳ ಮಾತು ಬಂದಾಗ, "ಹಣ ಕಟ್ಟಿದವನಿಗೆ ಬೇಕಾದ ಫಲಕ ಕೊಟ್ಟರೆ ಸರ್ಕಾರದ ಗಂಟೇನು ಹೋಗುತ್ತದೆ ಸಾರ್?" ಎಂದು ಕೇಳುವುದುಂಟು. ಹೋಗುತ್ತದೆ ಎಂಬುದೇ ನನ್ನ ವಾದ.

ಪರ್ಲ್ ಹಾರ್ಬರ್ ದಾಳಿಯಲ್ಲಿ ಬದುಕುಳಿದ ಯೋಧರಿಗಾಗಿ ಕ್ಯಾಲಿಫೋರ್ನಿಯಾ ರಾಜ್ಯವು ಮಾಡಿದ ಕಾನೂನನ್ನು ನೋಡಿರಿ. 1941ರ ಡಿಸೆಂಬರ್ 7ರಂದು, ಹವಾಯಿಯ ಕಾಲಮಾನದಂತೆ ಬೆಳಿಗ್ಗೆ 7.55ರಿಂದ 9.45ರ ಅವಧಿಯಲ್ಲಿ, ಅರ್ಜಿದಾರನು ಪರ್ಲ್ ಹಾರ್ಬರಿನಲ್ಲೋ ಓಹೂ ದ್ವೀಪದಲ್ಲೋ ತೀರದಿಂದ 3 ಮೈಲಿಯೊಳಗಿನ ಕಡಲಿನಲ್ಲೋ ಸೇವೆಯಲ್ಲಿದ್ದಿರಬೇಕು. ಸೇನೆಯಿಂದ ಗೌರವಯುತವಾಗಿ ಬಿಡುಗಡೆ ಹೊಂದಿರಬೇಕು. ನಿಮಿಷಗಳ ಲೆಕ್ಕ ಹಿಡಿದ ಈ ಬಿಗಿಯನ್ನು ಅಧಿಕಾರಿಗಳ ಜಿಪುಣತನವೆಂದು ನಗಬಾರದು. ಆ ತಗಡಿಗೆ ಬೆಲೆ ಬಂದದ್ದು ಅದರಿಂದಲೇ.

ಈಗ ಟೆಕ್ಸಾಸಿಗೆ ಬನ್ನಿ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ದಾಸ್ಯಪದ್ಧತಿಯನ್ನು ಉಳಿಸಿಕೊಳ್ಳಲು ಒಕ್ಕೂಟದ ವಿರುದ್ಧ ಶಸ್ತ್ರ ಹಿಡಿದ ದಕ್ಷಿಣದ ಸೈನಿಕರ ವಂಶಸ್ಥರದೊಂದು ಸಂಘ, 'ಸನ್ಸ್ ಆಫ್ ಕಾನ್ಫೆಡರೇಟ್ ವೆಟರನ್ಸ್'. ತಮ್ಮ ಪೂರ್ವಜರ ಯುದ್ಧಧ್ವಜವಿರುವ ಫಲಕ ಬೇಕೆಂದು ಅದರ ಟೆಕ್ಸಾಸ್ ಶಾಖೆ ಅರ್ಜಿ ಹಾಕಿತು. 2011ರಲ್ಲಿ ರಾಜ್ಯದ ಮಂಡಳಿ ಅದನ್ನು ತಿರಸ್ಕರಿಸಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಫಲಕದ ಮಾತು ಸರ್ಕಾರದ ಮಾತೇ, ಬೇಡವೆನ್ನುವ ಹಕ್ಕು ಅದಕ್ಕಿದೆ ಎಂದು 2015ರ ಜೂನ್ 18ರಂದು 5-4ರ ಬಹುಮತದ ತೀರ್ಪು ಬಂತು. ಹಿಂದಿನ ರಾತ್ರಿಯಷ್ಟೇ ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಒಂಬತ್ತು ಮಂದಿ ಕರಿಯರನ್ನು ಗುಂಡಿಟ್ಟು ಕೊಂದವನು ಅದೇ ಧ್ವಜ ಹಿಡಿದು ಚಿತ್ರ ತೆಗೆಸಿಕೊಂಡಿದ್ದ. ತೀರ್ಪಿಗೂ ಹತ್ಯೆಗೂ ಸಂಬಂಧವಿಲ್ಲ, ನಿಜ. ಆದರೆ ಆ ಧ್ವಜದ ಕೆಳಗೆ ರಾಜ್ಯದ ಹೆಸರನ್ನು ಕಂಡ ಕರಿಯ ಪ್ರಜೆಗೆ ಏನನ್ನಿಸೀತೆಂಬುದನ್ನು ಬಿಡಿಸಿ ಹೇಳಬೇಕೆ?

"ಅಜ್ಜನ ಶೌರ್ಯವನ್ನು ನೆನೆಯಬಾರದೇ?" ಎನ್ನುವಿರಿ. ಮನೆಯ ಗೋಡೆಯ ಮೇಲೆ ಧಾರಾಳವಾಗಿ ನೆನೆಯಲಿ. ರಾಜಮುದ್ರೆಯ ಗೌರವವು ಪಿತ್ರಾರ್ಜಿತ ಆಸ್ತಿಯಲ್ಲ. (ನಮ್ಮಲ್ಲಿಯೂ ಮಾವ ಸೈನ್ಯದಲ್ಲಿದ್ದರೆ ಅಳಿಯನ ಬೈಕಿನ ಮೇಲೆ 'ಆರ್ಮಿ' ಎಂದು ಕೆಂಪಕ್ಷರ ಮೂಡುತ್ತದೆಯಷ್ಟೆ!)

ಭಿನ್ನಮತದ ನ್ಯಾಯಮೂರ್ತಿ ಅಲಿಟೊ ಅವರ ಚುಚ್ಚುಮಾತಿನಲ್ಲಿ ಹುರುಳಿದೆಯೆಂಬುದನ್ನು ಮಾತ್ರ ಅಲ್ಲಗಳೆಯಲಾರೆ. ಟೆಕ್ಸಾಸಿನಲ್ಲಿ ಆಗ ಸುಮಾರು 350 ಬಗೆಯ ಫಲಕಗಳಿದ್ದವು. ಗಾಲ್ಫ್ ಆಡುವಾಸೆಯನ್ನು ಸಾರುವ ಫಲಕವೂ ಸರ್ಕಾರದ ಅಭಿಪ್ರಾಯವೇ ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಅದರಿಂದ ಅವರು ತಲುಪಿದ ನಿರ್ಣಯ ನನಗೊಪ್ಪಿಗೆಯಿಲ್ಲ. ಸಂತೆಯ ಅಂಗಡಿಯಂತೆ ಫಲಕ ಮಾರಲು ಕುಳಿತದ್ದು ಸರ್ಕಾರದ್ದೇ ತಪ್ಪು. ಅದನ್ನು ತಿದ್ದಲು ಬಂದವರಿಗೆಲ್ಲ ಮಾರುವುದಲ್ಲ, ಅಂಗಡಿಯನ್ನೇ ಮುಚ್ಚಬೇಕು. ಗಾಯಗೊಂಡವನು, ಸೆರೆಸಿಕ್ಕವನು, ಸೇವೆ ಸಲ್ಲಿಸಿದವನು ತನ್ನ ದಾಖಲೆ ತೋರಿಸಿ ಪಡೆಯುವ ಫಲಕಗಳಷ್ಟೇ ಉಳಿಯಲಿ, ಅವಕ್ಕೆ ಒಂದು ಡಾಲರನ್ನೂ ಕೇಳದಿರಲಿ. ಗಾಲ್ಫ್ ಪ್ರಿಯರಿಗೆ ಹಿಂಬದಿಯ ಗಾಜು ಇದ್ದೇ ಇದೆ, ಅಲ್ಲಿ ಏನು ಬೇಕಾದರೂ ಅಂಟಿಸಿಕೊಳ್ಳಲಿ.